ಸ್ಟೇಟಸ್ ಕೋಡ್: ಚಾಟ್‌ಬಾಟ್ ಕೈಕೊಟ್ಟಾಗ ಮೊದಲು ನೋಡಬೇಕಾದ ಮೂರಂಕಿ

ಚಾಟ್‌ಜಿಪಿಟಿ, ಕ್ಲಾಡ್, ಜೆಮಿನಿ ಯಾವುದೇ ಇರಲಿ, ತೆರೆಯಲಿಲ್ಲ ಎಂದ ಕೂಡಲೇ ಆ್ಯಪ್ ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್ ಮಾಡುವವರೇ ಜಾಸ್ತಿ. ಬಹಳ ಸಲ ಅದು ದಂಡದ ಕೆಲಸ. ತೊಂದರೆ ಯಾರ ಕಡೆ ಇದೆ ಎಂಬುದನ್ನು ಒಂದು ಮೂರಂಕಿ ಸಂಖ್ಯೆ ಆಗಲೇ ಹೇಳಿರುತ್ತದೆ. ನಮ್ಮ ಬ್ರೌಸರ್ ಕಳಿಸಿದ ಪ್ರತಿಯೊಂದು ಕೋರಿಕೆಗೂ ಸರ್ವರ್ (ಸೇವೆ ಕೊಡುವ ಕಂಪನಿಯ ಕಂಪ್ಯೂಟರ್) ತನ್ನ ಉತ್ತರದ ಜತೆ ಕಳಿಸುವ ಈ ಸಂಖ್ಯೆಯೇ ಸ್ಟೇಟಸ್ ಕೋಡ್. 200 ಅಂದರೆ ಕೋರಿಕೆ ಸರಿಯಾಗಿ ತಲುಪಿದೆ. 4ರಿಂದ ಶುರುವಾದರೆ ಸರ್ವರ್ ನಿಮ್ಮ ಕೋರಿಕೆಯನ್ನು ಒಪ್ಪಿಲ್ಲ, ನೀವು ಮಾಡುವುದು ಏನಾದರೂ ಇರಬಹುದು. 5ರಿಂದ ಶುರುವಾದರೆ ಕೆಟ್ಟಿರುವುದು ಆ ಕಂಪನಿಯ ಕಡೆ.

ಪರದೆಯ ಮೇಲೆ ಸಂಖ್ಯೆ ಕಾಣದೆ ಬರೀ 'ಸಮ್‌ಥಿಂಗ್ ವೆಂಟ್ ರಾಂಗ್' ಎಂದಿದ್ದರೆ, ಕಂಪ್ಯೂಟರಿನಲ್ಲಿ ಎಫ್12 ಒತ್ತಿ, 'ನೆಟ್‌ವರ್ಕ್' ಟ್ಯಾಬ್ ತೆರೆದಿಟ್ಟುಕೊಂಡು ಪ್ರಶ್ನೆಯನ್ನು ಮತ್ತೊಮ್ಮೆ ಕಳಿಸಿ. ಕೆಂಪಗೆ ಕಾಣುವ ಸಾಲಿನ 'ಸ್ಟೇಟಸ್' ಕಾಲಂನಲ್ಲಿ ಸಂಖ್ಯೆ ಸಿಗುತ್ತದೆ.

ಚಾಟ್‌ಬಾಟ್ ಬಳಸುವವರಿಗೆ ಪದೇ ಪದೇ ಎದುರಾಗುವುದು 429. ವೆಬ್ ನಿಯಮಗಳಿಗೆ ಇದು ಸೇರಿದ್ದು 2012ರಲ್ಲಿ; ಮಿತಿ ಮೀರಿ ಕೋರಿಕೆ ಬರುತ್ತಿದೆ, ಸ್ವಲ್ಪ ತಡೆಯಿರಿ ಎಂದು ಇದರ ಅರ್ಥ. ಮಿತಿ ಎರಡು ಬಗೆಯದು. ಒಂದು ಖಾತೆಯ ಮಿತಿ: ಉಚಿತ ಪ್ಲಾನ್‌ನಲ್ಲಿ ಇಂತಿಷ್ಟು ಹೊತ್ತಿಗೆ ಇಂತಿಷ್ಟು ಬಳಕೆ ಎಂದಿರುತ್ತದೆ. ಇನ್ನೊಂದು ಐಪಿ ವಿಳಾಸದ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯ ಮಿತಿ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುವುದುಂಟು. ಹಾಗಾಗಿ ಬೇರೆ ಯಾರೋ ಮಾಡಿದ ಗಲಾಟೆಗೆ ನಿಮಗೂ ಬಾಗಿಲು ಮುಚ್ಚಬಹುದು. ಯಾವುದೆಂದು ತಿಳಿಯಲು ಅದೇ ಖಾತೆಯನ್ನು ಒಮ್ಮೆ ವೈಫೈನಲ್ಲಿ, ಒಮ್ಮೆ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಎರಡರಲ್ಲೂ 429 ಬಂದರೆ ಖಾತೆಯ ಮಿತಿ, ಕಾಯುವುದೇ ದಾರಿ. ಒಂದರಲ್ಲಿ ಮಾತ್ರ ಬಂದರೆ ಐಪಿಯದು. ಫೋನನ್ನು ಹತ್ತಿಪ್ಪತ್ತು ಸೆಕೆಂಡು ಏರೋಪ್ಲೇನ್ ಮೋಡ್‌ಗೆ ಹಾಕಿ ತೆಗೆದರೆ ಹೊಸ ವಿಳಾಸ ಸಿಗುವ ಸಾಧ್ಯತೆ ಇದೆ. 'ರಿಟ್ರೈ' ಗುಂಡಿಯನ್ನು ಒತ್ತುತ್ತಲೇ ಕೂರಬೇಡಿ, ಆ ಒತ್ತುಗಳೂ ಲೆಕ್ಕಕ್ಕೆ ಸೇರಬಹುದು. ಮಿತಿ ಬೇಗ ಖಾಲಿಯಾಗುತ್ತಿದ್ದರೆ ನಿಮ್ಮ ಚಾಟ್ ಎಷ್ಟು ಉದ್ದವಿದೆ ನೋಡಿ. ಪ್ರತಿ ಹೊಸ ಪ್ರಶ್ನೆಗೂ ಹಿಂದಿನ ಮಾತುಕತೆ, ಲಗತ್ತಿಸಿದ ಫೈಲು ಎಲ್ಲವನ್ನೂ ಚಾಟ್‌ಬಾಟ್‌ನ ಹಿಂದಿರುವ ಎಐ ಮಾಡೆಲ್ ಮತ್ತೆ ಓದಬೇಕಾಗುತ್ತದೆ. ಕ್ಲಾಡ್‌ನಂಥ ಸೇವೆಗಳು ಅದನ್ನೂ ಬಳಕೆಯ ಲೆಕ್ಕಕ್ಕೆ ಹಿಡಿಯುತ್ತವೆ. ವಿಷಯ ಬದಲಾದಾಗ ಹೊಸ ಚಾಟ್ ತೆರೆಯುವುದು ಒಳ್ಳೆಯದು.

403 ಬಂದರೆ ಪ್ರವೇಶ ನಿರಾಕರಣೆ. 'ನೀವು ಮನುಷ್ಯರೇ ಎಂದು ಖಚಿತಪಡಿಸಿ' ಎಂಬ ಚೌಕಕ್ಕೆ ಟಿಕ್ ಹಾಕಿದಷ್ಟೂ ಅದೇ ಪುಟ ಮರಳಿ ಬರುವುದೂ ಸಾಮಾನ್ಯವಾಗಿ ಇದೇ ಜಾತಿಯ ತೊಂದರೆ. ಮೊದಲು ವಿಪಿಎನ್ (ನಿಮ್ಮ ಸಂಪರ್ಕವನ್ನು ಬೇರೆ ಸರ್ವರ್ ಮೂಲಕ ಹಾಯಿಸುವ ಆ್ಯಪ್) ಇದ್ದರೆ ಆಫ್ ಮಾಡಿ. ಆಮೇಲೆ ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಹಳೆಯ ಕುಕಿ (ಸೈಟು ನಿಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ಪುಟ್ಟ ಮಾಹಿತಿ) ಇರುವುದಿಲ್ಲ, ನೀವಾಗಿ ಅನುಮತಿ ಕೊಡದ ಹೊರತು ಎಕ್ಸ್‌ಟೆನ್ಷನ್‌ಗಳೂ (ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ಪ್ರೋಗ್ರಾಂಗಳು) ಓಡುವುದಿಲ್ಲ. ಅಲ್ಲಿ ನಡೆದರೆ ಕಳ್ಳ ಸಿಕ್ಕಂತೆ: ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಅಥವಾ ಕೆಟ್ಟ ಕುಕಿ. ಇಡೀ ಬ್ರೌಸರಿನ ಕುಕಿ ಅಳಿಸಿ ಎಲ್ಲ ಸೈಟುಗಳಿಂದ ಲಾಗೌಟ್ ಆಗುವುದು ಬೇಡ. ಅಡ್ರೆಸ್ ಬಾರ್‌ನ ಎಡಗಡೆಯ ಐಕಾನ್ ಒತ್ತಿ ಆ ಒಂದು ಸೈಟಿನದನ್ನಷ್ಟೇ ಅಳಿಸಿ. ಆಫೀಸಿನಲ್ಲಿ ಮಾತ್ರ ತೆರೆಯದಿದ್ದರೆ ಅದು ಐಟಿ ವಿಭಾಗದ ನಿರ್ಬಂಧವೇ ಇದ್ದೀತು. 401 ಸರಳ: ಲಾಗಿನ್ ಅವಧಿ ಮುಗಿದಿದೆ, ಹೊರಬಂದು ಮತ್ತೆ ಒಳಹೋಗಿ.

500, 502, 503, 504, ಕ್ಲಾಡ್ ತಯಾರಿಸಿದ ಆಂಥ್ರೋಪಿಕ್ ಬಳಸುವ 529, ಇವೆಲ್ಲಕ್ಕೂ ಮದ್ದು ಒಂದೇ: ಆ ಕಂಪನಿಯ ಸ್ಟೇಟಸ್ ಪುಟ (ಸೇವೆ ನಡೆಯುತ್ತಿದೆಯೇ ಎಂದು ಕಂಪನಿಯೇ ತಿಳಿಸುವ ಪುಟ) ನೋಡಿ ಕಾಯುವುದು. ಆದರೆ ಪರದೆಯ ಮಾತು ಯಾವಾಗಲೂ ನಂಬಿಕೆಗೆ ಅರ್ಹವಲ್ಲ. 2025ರ ನವೆಂಬರ್ 18ರಂದು ಚಾಟ್‌ಜಿಪಿಟಿ, ಎಕ್ಸ್ ಸೇರಿ ಹಲವು ಸೈಟುಗಳು ನಿಂತಾಗ, ಮುಂದುವರಿಯಲು ಕ್ಲೌಡ್‌ಫ್ಲೇರ್‌ನ (ಅನೇಕ ಸೈಟುಗಳಿಗೆ ರಕ್ಷಣೆ ಒದಗಿಸುವ ಕಂಪನಿ) ವಿಳಾಸವೊಂದನ್ನು ಅನ್‌ಬ್ಲಾಕ್ ಮಾಡಿ ಎಂಬ ಸಂದೇಶ ಅನೇಕರಿಗೆ ಕಂಡಿತು. ಬಳಕೆದಾರರು ಏನನ್ನೂ ಬ್ಲಾಕ್ ಮಾಡಿರಲಿಲ್ಲ. ಬಾಟ್‌ಗಳನ್ನು (ಮನುಷ್ಯರಂತೆ ಸೈಟಿಗೆ ಬರುವ ಪ್ರೋಗ್ರಾಂಗಳನ್ನು) ಪತ್ತೆಹಚ್ಚಲು ಕ್ಲೌಡ್‌ಫ್ಲೇರ್ ಬಳಸುವ ಫೈಲೊಂದು ಇದ್ದಕ್ಕಿದ್ದಂತೆ ಎರಡರಷ್ಟು ದೊಡ್ಡದಾಗಿ, ಅದನ್ನು ಓದುವ ಸಾಫ್ಟ್‌ವೇರ್ ಕುಸಿದಿತ್ತು. ಹೀಗಾಗಿ ಸೆಟ್ಟಿಂಗ್ಸ್‌ಗೆ ಕೈಹಾಕುವ ಮುನ್ನ ಸ್ಟೇಟಸ್ ಪುಟಕ್ಕೊಂದು ಕಣ್ಣು ಹಾಯಿಸಿ.

ಕೋಡೇ ಇಲ್ಲದಿದ್ದರೆ? ಕೋರಿಕೆ ಸರ್ವರ್ ತನಕ ಹೋಗಿಲ್ಲ, ಅಥವಾ ಉತ್ತರ ವಾಪಸ್ ಬಂದಿಲ್ಲ. ಫೋನಿನ ದಿನಾಂಕ ತಪ್ಪಿದ್ದರೆ ಭದ್ರತಾ ಸರ್ಟಿಫಿಕೇಟಿನ ಅವಧಿ ಹೊಂದದೆ ಬ್ರೌಸರ್ ಅಲ್ಲೇ ತಡೆಯುತ್ತದೆ. ಸಮಯವನ್ನು 'ಆಟೊಮ್ಯಾಟಿಕ್' ಮಾಡಿ. ಸೈಟಿನ ಹೆಸರೇ ಸಿಗುತ್ತಿಲ್ಲ ಎಂದು ಬಂದರೆ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ತೊಂದರೆ. ವೈಫೈ ಸೆಟ್ಟಿಂಗ್ಸ್‌ನ ಡಿಎನ್‌ಎಸ್ ಜಾಗದಲ್ಲಿ 1.1.1.1 ಅಥವಾ 8.8.8.8 ಹಾಕಿ ನೋಡಿ.

200 ಬಂದೂ ಉತ್ತರ ಅರ್ಧಕ್ಕೆ ನಿಲ್ಲುವುದುಂಟು. ಚಾಟ್‌ಬಾಟ್ ಉತ್ತರ ತುಣುಕು ತುಣುಕಾಗಿ ಬರುವುದರಿಂದ ಸಂಪರ್ಕ ಕೊನೆಯವರೆಗೂ ತೆರೆದಿರಬೇಕು. 200 ಎಂಬುದು ಮೊದಲೇ ಬಂದುಬಿಟ್ಟಿರುತ್ತದೆ, ಕಡಿದುಹೋಗುವುದು ಆಮೇಲೆ. ದುರ್ಬಲ ಸಿಗ್ನಲ್, ವಿಪಿಎನ್, ಆಫೀಸಿನ ಪ್ರಾಕ್ಸಿ (ನಡುವೆ ನಿಂತು ಕೋರಿಕೆಗಳನ್ನು ದಾಟಿಸುವ ಸರ್ವರ್) ಇದಕ್ಕೆ ಮಾಮೂಲಿ ಕಾರಣಗಳು. ಪ್ರಶ್ನೆಯನ್ನು ಮತ್ತೆ ಟೈಪಿಸುವ ಮೊದಲು ಪುಟವನ್ನು ರಿಫ್ರೆಶ್ ಮಾಡಿ. ಸರ್ವರ್ ಬರೆದು ಮುಗಿಸಿದ್ದರೆ ಪೂರ್ತಿ ಉತ್ತರ ಅಲ್ಲೇ ಸಿಗಬಹುದು.