ಸೋಲೋ ಬಟನ್ ಬಿಡಿ, ಮ್ಯೂಟ್ ಒತ್ತಿ ನೋಡಿ

ನನಗೊಬ್ಬ ಡ್ರಮ್ಮರ್ ಗೆಳೆಯ ಇದ್ದಾನೆ. ಅತಿ ದೊಡ್ಡ ರಾಕ್ ಬೇಸಿಸ್ಟ್ ಯಾರು ಅನ್ನೋದು ನಮ್ಮಿಬ್ಬರ ಹಳೇ ಜಗಳ. ತಿಂಗಳಿಗೊಂದು ಆಡಿಯೋ ತುಣುಕನ್ನಾದರೂ ಕಳಿಸುತ್ತಾನೆ. ಯಾವುದೋ ಹಳೇ ರಾಕ್ ಹಾಡು, ಅದರೊಳಗಿನ ಬೇಸ್ ಗಿಟಾರ್, ಅಂದರೆ ಕೆಳಗಿನ ಸ್ವರಗಳ ಗಿಟಾರ್, ಒಂದನ್ನೇ ಬೇರ್ಪಡಿಸಿ ತೆಗೆದದ್ದು. ಕೆಳಗೆ ಒಂದೇ ಸಾಲು: "ಇದನ್ನ ಕೇಳಿದ ಮೇಲೂ ವಾದ ಮಾಡ್ತೀಯಾ ಗುರು?" ಮಾಡ್ತೀನಿ. ಹಾಡು ಮಿಕ್ಸ್ ಮಾಡಿಯೇ, ಅಂದರೆ ಬೇರೆಬೇರೆ ರೆಕಾರ್ಡ್ ಆದ ವಾದ್ಯ, ದನಿಗಳನ್ನು ಹದವಾಗಿ ಬೆರೆಸಿಯೇ, ಹೊಟ್ಟೆ ಹೊರೆಯುವವನು ನಾನು. ಬೇರ್ಪಡಿಸಿದ ಬೇಸ್ ಕೇಳುವುದು ನನಗೆ ದಿನಾ ಇದ್ದದ್ದೇ, ಅದನ್ನು ನಂಬಿ ಮೋಸಹೋದದ್ದೂ ಸಾಕಷ್ಟಿದೆ.

ಮಿಕ್ಸಿಂಗ್ ಡೆಸ್ಕಿನಲ್ಲಿ ಪ್ರತಿ ಟ್ರ್ಯಾಕಿಗೂ ಎರಡು ಪುಟ್ಟ ಬಟನ್ ಇರುತ್ತವೆ. ಒಂದು ಸೋಲೋ. ಒತ್ತಿದರೆ ಆ ವಾದ್ಯ ಮಾತ್ರ ಕೇಳುತ್ತದೆ, ಉಳಿದದ್ದೆಲ್ಲ ಬಾಯಿ ಮುಚ್ಚುತ್ತದೆ. ಇನ್ನೊಂದು ಮ್ಯೂಟ್. ಒತ್ತಿದರೆ ಆ ವಾದ್ಯ ಮಾತ್ರ ಸುಮ್ಮನಾಗುತ್ತದೆ, ಉಳಿದವರು ತಮ್ಮ ಪಾಡಿಗೆ ನುಡಿಸುತ್ತಿರುತ್ತಾರೆ. ಅತಿ ದೊಡ್ಡ ರಾಕ್ ಬೇಸಿಸ್ಟ್ ಯಾರು ಅನ್ನೋ ಜಗಳದಲ್ಲಿ ಎಲ್ಲರ ಬೆರಳೂ ಸೋಲೋ ಮೇಲೇ ಹೋಗುತ್ತದೆ. ನನ್ನ ವಾದ ಇಷ್ಟೇ: ಮ್ಯೂಟ್ ಒತ್ತಿ. ಅವನಿಲ್ಲದಾಗ ಉಳಿದವರಿಗೆ ಏನಾಗುತ್ತದೆ ನೋಡಿ.

ಸೋಲೋ ಯಾಕೆ ಮೋಸ ಅಂದರೆ, ಬೇಸ್ ಒಬ್ಬಂಟಿಯಾಗಿ ಕೇಳಲಿ ಅಂತ ಯಾರೂ ಅದನ್ನು ನುಡಿಸಿರುವುದಿಲ್ಲ. ಅದರ ಕೆಳಗಿನ ತಂತಿಯ ಸ್ವರ 41 ಹರ್ಟ್ಸ್ ಹತ್ತಿರ ಇದೆ, ಅಂದರೆ ಸೆಕೆಂಡಿಗೆ 41 ಸಲ ಅದುರುತ್ತದೆ. ಫೋನಿನ ಸಣ್ಣ ಸ್ಪೀಕರಿನಿಂದ ಅಷ್ಟು ಕೆಳಗಿನ ಸದ್ದು ಹೊರಡುವುದೇ ಇಲ್ಲ. ಆದರೂ ಸ್ವರ ಯಾವುದು ಅಂತ ಗೊತ್ತಾಗುತ್ತದೆ, ಅಲ್ವಾ? ತಂತಿ ಮಿಡಿದಾಗ ಅದರ ಎರಡರಷ್ಟು, ಮೂರರಷ್ಟು, 82, 123 ಹೀಗೆ ಮೇಲಿನ ಪಟ್ಟುಗಳೂ ಜೊತೆಗೇ ಹುಟ್ಟುತ್ತವೆ. ಅವುಗಳನ್ನು ಕೇಳಿಸಿಕೊಂಡು ಮಿದುಳು ಇಲ್ಲದ ಬುಡವನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಂದರೆ ಫೋನ್ ಹಿಡಿದು ವಾದ ಮಾಡುವವರಲ್ಲಿ ಎಷ್ಟೋ ಜನ ಕೇಳಿರುವುದು ಬೇಸಿನ ನೆರಳನ್ನು. ಆ ನೆರಳಲ್ಲಿ ಗೆಲ್ಲುವವರು ಯಾರು? ಮೇಲಿನ ಪಟ್ಟುಗಳು ಜಾಸ್ತಿ ಇರುವವರು, ತಂತಿ ಖಣಖಣ ಅನ್ನುವವರು, ಬೆರಳು ಬಿಡುವಿಲ್ಲದೆ ಓಡುವವರು.

ಹಾಗೆ ಗೆಲ್ಲುವವರಲ್ಲಿ ಮೊದಲಿಗರು ದಿ ಹೂ ಬ್ಯಾಂಡಿನ ಜಾನ್ ಎಂಟ್ವಿಸ್ಟಲ್. 2011ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ಓದುಗರ ಮತ ಕೇಳಿದಾಗ ಮೊದಲ ಸ್ಥಾನ ಅವರಿಗೇ ಬಂತು. ಅದು ಸುಮ್ನೆ ಬಂದದ್ದಲ್ಲ. 1965ರ 'ಮೈ ಜನರೇಷನ್' ಹಾಡಿನಲ್ಲಿ, ಗಿಟಾರ್ ಮುಂದೆ ಬಂದು ತನ್ನ ಕೈಚಳಕ ತೋರಿಸುವ ಸೋಲೋ ಬರಬೇಕಾದ ಜಾಗದಲ್ಲಿ ಬೇಸ್ ಸೋಲೋ ಬರುತ್ತದೆ. ಆ ಕಾಲಕ್ಕೆ ಇದು ಊಹೆಗೂ ಮೀರಿದ ಧೈರ್ಯ. ಆ ಸದ್ದಿಗಾಗಿ ಅವರು ಡಾನ್‌ಎಲೆಕ್ಟ್ರೋ ಬೇಸ್ ತಂದರು, ಅದರ ತಂತಿ ತೆಳ್ಳಗೆ, ಕಿತ್ತುಹೋಗುತ್ತಿತ್ತು, ಬಿಡಿ ತಂತಿ ಎಲ್ಲೂ ಸಿಗುತ್ತಿರಲಿಲ್ಲ, ಹಾಗಾಗಿ ತಂತಿ ಕಿತ್ತಾಗಲೆಲ್ಲ ಇಡೀ ಹೊಸ ಬೇಸನ್ನೇ ಕೊಳ್ಳಬೇಕಾಯಿತು. ಕೊನೆಗೆ ಸೋಲೋ ರೆಕಾರ್ಡ್ ಆದದ್ದು ಫೆಂಡರ್ ಜಾಝ್ ಬೇಸ್ ಮೇಲೆ. ಮರುವರ್ಷ ರೋಟೋಸೌಂಡ್ ಕಂಪನಿಯವರ ಜೊತೆ ಕೂತು ಬೇಸಿಗೆ ಹೊಸ ಥರದ ಉಕ್ಕಿನ ತಂತಿ ಮಾಡಿಸಿದರು.

ತಂತಿ ವಿಷಯ ಸಣ್ಣದು ಅನ್ನಿಸಬಹುದು, ಅಲ್ಲ. ಅಲ್ಲಿಯವರೆಗೆ ಹೆಚ್ಚಿನವರು ಹಾಕುತ್ತಿದ್ದದ್ದು ಚಪ್ಪಟೆ ಪಟ್ಟಿ ಸುತ್ತಿದ ತಂತಿ. ಕೈಗೆ ನುಣುಪು, ಸದ್ದು ಧುಮ್ ಅಂತ ಬಂದು ಬೇಗ ಆರಿಹೋಗುತ್ತದೆ. ಎಂಟ್ವಿಸ್ಟಲ್ ಮಾಡಿಸಿದ ಹಾಗೆ ದುಂಡು ತಂತಿ ಸುತ್ತಿದ್ದಾದರೆ ಪಿಯಾನೋದ ಕೆಳಗಿನ ಮನೆಗಳ ಹಾಗೆ ಗುಂಯ್‌ಗುಡುತ್ತದೆ, ಗಿಟಾರ್ ಗಲಾಟೆಯ ನಡುವೆಯೂ ತಲೆ ಎತ್ತಿ ನಿಲ್ಲುತ್ತದೆ. ಯೆಸ್ ಬ್ಯಾಂಡಿನ ಕ್ರಿಸ್ ಸ್ಕ್ವೈರ್, ರಷ್ ಬ್ಯಾಂಡಿನ ಗೆಡ್ಡಿ ಲೀ, ಇವರೆಲ್ಲ ಆ ಬಾಗಿಲಿನಿಂದಲೇ ಒಳಗೆ ಬಂದವರು.

ಇರಲಿ, ಮ್ಯೂಟ್ ಬಟನ್‌ಗೆ ಬರೋಣ. ಒಮ್ಮೆ ಒಂದು ಹೊಸ ಬ್ಯಾಂಡಿನ ಹಾಡು ಮಿಕ್ಸ್ ಮಾಡುತ್ತಿದ್ದೆ. ಬೇಸಿಸ್ಟ್ ಹುಡುಗ ಬಲು ಚುರುಕು. ಒಂದು ಕ್ಷಣ ಖಾಲಿ ಬಿಟ್ಟಿರಲಿಲ್ಲ. ಸೋಲೋದಲ್ಲಿ ಕೇಳಿ ನಾನೇ ಬೆರಗಾದೆ. ಇಡೀ ಹಾಡು ಹಾಕಿದರೆ ಏನೋ ಉಸಿರುಕಟ್ಟಿದ ಹಾಗೆ. ಬೇಸ್ ಮ್ಯೂಟ್ ಮಾಡಿದೆ. ಹಾಡು ಹಗುರಾಯಿತು, ಹಾಡುವವಳ ಮಾತು ಸ್ಪಷ್ಟವಾಯಿತು. ಬೇಸಿಸ್ಟ್ ಎದುರಿಗೇ ಕೂತಿದ್ದ, ಪಾಪ, ಮುಖ ಇಷ್ಟಾಯಿತು. ಆದರೆ ಜಾಣ. ಮರುದಿನ ಬಂದು ಅರ್ಧದಷ್ಟು ಸ್ವರ ಮಾತ್ರ ನುಡಿಸಿದ. ಮತ್ತೆ ಮ್ಯೂಟ್ ಮಾಡಿ ನೋಡಿದರೆ ಈ ಸಲ ಹಾಡುವವಳೇ ದಾರಿ ತಪ್ಪಿದ ಹಾಗೆ ಕೇಳಿಸಿದಳು. ಅವಳ ರೆಕಾರ್ಡಿಂಗಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ.

ಯಾಕೆ ಹೀಗೆ? ಗಿಟಾರಿನವನು ಸಿ ಮೇಜರ್ ಕಾರ್ಡ್, ಅಂದರೆ ಒಟ್ಟಿಗೇ ನುಡಿಸುವ ಸ್ವರಗಳ ಗೊಂಚಲು, ಹಿಡಿದಿದ್ದಾನೆ ಅನ್ನಿ. ಬೇಸಿಸ್ಟ್ ಕೆಳಗೆ ಸಿ ನುಡಿಸಿದರೆ ಅದು ಸಿ ಮೇಜರ್, ಮನೆಗೆ ಬಂದ ಹಾಗೆ. ಅವನು ಎ ನುಡಿಸಿದ ಅಂತಿಟ್ಟುಕೊಳ್ಳಿ. ಗಿಟಾರಿನವನ ಬೆರಳು ಅಲ್ಲಾಡಿಲ್ಲ, ಆದರೂ ಅದು ಈಗ ಎ ಮೈನರ್ ಸೆವೆಂತ್, ಮುಖದ ಮೇಲೆ ಮೋಡ ಕವಿದ ಹಾಗೆ. ಇ ನುಡಿಸಿದರೆ ಹೆಸರು ಸಿ ಮೇಜರ್ ಅಂತಲೇ ಇರುತ್ತದೆ, ಆದರೆ ಒಂದು ಕಾಲು ಎತ್ತಿ ನಿಂತ ಹಾಗೆ, ಮುಂದೆ ಎಲ್ಲಿಗೋ ಹೋಗಬೇಕು ಅನ್ನಿಸುತ್ತದೆ. ಕಾರ್ಡಿಗೆ ಹೆಸರಿಡುವವನು ಬೇಸಿಸ್ಟ್. ಮೇಲಿನವರು ಏನೇ ನುಡಿಸಲಿ, ಅದಕ್ಕೆ ಅರ್ಥ ಕೊಡುವುದು ಕೆಳಗಿನವನು. ಈ ಅಧಿಕಾರವನ್ನು ಯಾರು ಹೇಗೆ ಬಳಸಿದರು ಅನ್ನುವುದೇ ನನ್ನ ಅಳತೆಗೋಲು, ಒಂದು ಸೆಕೆಂಡಿಗೆ ಎಷ್ಟು ಸ್ವರ ಅನ್ನುವುದಲ್ಲ.

ಅಧಿಕಾರವನ್ನೇ ಕಿತ್ತುಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಮೆಟಾಲಿಕಾ ಬ್ಯಾಂಡಿನ 1988ರ ಆಲ್ಬಮ್ ಇದೆ, '...ಆಂಡ್ ಜಸ್ಟಿಸ್ ಫಾರ್ ಆಲ್'. ಅದರ ಬೇಸಿಸ್ಟ್ ಜೇಸನ್ ನ್ಯೂಸ್ಟೆಡ್. 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ಕ್ಲಿಫ್ ಬರ್ಟನ್ ತೀರಿಕೊಂಡ ಮೇಲೆ ಅವರ ಜಾಗಕ್ಕೆ ಬಂದವರು. ಮಿಕ್ಸ್‌ನಲ್ಲಿ ಅವರ ಬೇಸನ್ನು ಎಷ್ಟು ಇಳಿಸಿದ್ದಾರೆ ಅಂದರೆ ಇದೆಯೋ ಇಲ್ಲವೋ ಗೊತ್ತಾಗಲ್ಲ. ಗಿಟಾರ್ ಗರಗಸದ ಹಾಗೆ ಕೊಯ್ಯುತ್ತದೆ, ಡ್ರಮ್ ಕಿಕ್ ಟಿಕ್‌ಟಿಕ್ ಅನ್ನುತ್ತದೆ, ನಡುವೆ ಬಯಲು. ಆ ಆಲ್ಬಮ್ಮನ್ನು ಹಾಗೇ ಇಷ್ಟಪಡುವವರಿದ್ದಾರೆ, ಒಣಗಿದ ಸದ್ದಿಗೂ ಒಂದು ಸೊಗಸಿದೆ ಅನ್ನುತ್ತಾರೆ. ನನಗಂತೂ ಕೇಳಿದಾಗಲೆಲ್ಲ ಸದ್ದು ಏರಿಸುವ ಫೇಡರ್ ಕಡೆ ಕೈ ಹೋಗುತ್ತದೆ.

ಬೇಸೇ ಬೇಡ ಅಂತ ನಿರ್ಧಾರ ಮಾಡುವುದು ಬೇರೆ ಮಾತು. ದಿ ಡೋರ್ಸ್ ಬ್ಯಾಂಡ್ ವೇದಿಕೆಯ ಮೇಲೆ ಬೇಸಿಸ್ಟ್ ಇಲ್ಲದೆ ನುಡಿಸುತ್ತಿತ್ತು, ಆ ಕೆಲಸವನ್ನು ರೇ ಮಾಂಜರೆಕ್ ಎಡಗೈಯಲ್ಲಿ ಕೀಬೋರ್ಡ್ ಮೇಲೆ ಮಾಡುತ್ತಿದ್ದರು. ಸ್ಟುಡಿಯೋಗೆ ಹೋದಾಗ ಮಾತ್ರ ಅವರೂ ಬೇಸಿಸ್ಟ್‌ಗಳನ್ನು ಕರೆಸಿಕೊಂಡದ್ದುಂಟು.

ಬಹಳ ಜನ ಬೇಸ್ ಹಿಡಿದದ್ದು ಆಸೆಪಟ್ಟೂ ಅಲ್ಲ. ಕ್ಯಾರಲ್ ಕೇ ಲಾಸ್ ಏಂಜಲಿಸ್‌ನಲ್ಲಿ ಗಿಟಾರ್ ನುಡಿಸುತ್ತಿದ್ದವರು, 1963ರಲ್ಲಿ ಒಂದು ರೆಕಾರ್ಡಿಂಗಿಗೆ ಬೇಸಿಸ್ಟ್ ಬರಲಿಲ್ಲ ಅಂತ ಬೇಸ್ ಎತ್ತಿಕೊಂಡರು, ಆಮೇಲೆ ಸಾವಿರಾರು ರೆಕಾರ್ಡಿಂಗ್. ಮೋಟರ್‌ಹೆಡ್‌ನ ಲೆಮ್ಮಿ ಕೂಡ ಮೊದಲು ಗಿಟಾರಿನವರೇ. ಅದಕ್ಕೇ ಬೇಸಿನ ಮೇಲೂ ಕಾರ್ಡ್ ಬಾರಿಸಿಕೊಂಡೇ ಇದ್ದರು. ಅದು ಬೇಸೋ ಗಿಟಾರೋ ಅಂತ ನಮ್ಮಂಥ ಮಿಕ್ಸ್ ಮಾಡುವವರಿಗೆ ತಲೆನೋವು, ಆದರೆ ಎಂಥ ಚಂದದ ತಲೆನೋವು.

ತಂತಿ ಮೀಟುವ ಪುಟ್ಟ ಬಿಲ್ಲೆ, ಪಿಕ್, ಹಿಡಿಯಬೇಕೋ ಬೆರಳಲ್ಲೇ ಮಿಡಿಯಬೇಕೋ ಅನ್ನೋ ಜಗಳಕ್ಕೆ ನಾನು ಬರಲ್ಲ. ಕ್ಯಾರಲ್ ಕೇ ಪಿಕ್ ಹಿಡಿದರು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ಒಂದು ತೋರುಬೆರಳಲ್ಲಿ ಎಲ್ಲವನ್ನೂ ನುಡಿಸಿದರು, ಆ ಬೆರಳಿಗೆ ಕೊಕ್ಕೆ ಅಂತಲೇ ಅಡ್ಡಹೆಸರು ಬಿತ್ತು. ಅವರು ಹಳೇ ಚಪ್ಪಟೆ ತಂತಿ ಬದಲಾಯಿಸುತ್ತಲೂ ಇರಲಿಲ್ಲ. ವರ್ಷಗಟ್ಟಲೆ ರೆಕಾರ್ಡ್ ಕವರಿನ ಮೇಲೆ ಅವರ ಹೆಸರೇ ಇರಲಿಲ್ಲ. 2020ರಲ್ಲಿ ಅದೇ ರೋಲಿಂಗ್ ಸ್ಟೋನ್ ಎಲ್ಲ ಬಗೆಯ ಸಂಗೀತ ಸೇರಿಸಿ ಪಟ್ಟಿ ಮಾಡಿದಾಗ ಅವರನ್ನೇ ಮೊದಲಿಗಿಟ್ಟಿತು. ಒಪ್ಪುತ್ತೇನೆ. ಆದರೆ ನಮ್ಮ ಜಗಳ ರಾಕ್‌ಗೆ ಸೀಮಿತ, ಅವರು ಸೋಲ್ ಸಂಗೀತದವರು. ಜಾಕೋ ಪಾಸ್ಟೋರಿಯಸ್ ಹೆಸರನ್ನೂ ಇದೇ ಕಾರಣಕ್ಕೆ ಪಕ್ಕಕ್ಕಿಡುತ್ತೇನೆ, ಅವರು ಜಾಝ್‌ನವರು. ಬೇಲಿ ಹಾಕದೆ ಆಟ ಆಡಿದರೆ ಮುಗಿಯುವುದೇ ಇಲ್ಲ.

ಹಾಡುತ್ತಾ ನುಡಿಸುವವರಿಗೆ ಜಾಸ್ತಿ ಅಂಕ ಕೊಡಬೇಕಾ? ಕೊಡಿ, ಅದು ಸರ್ಕಸ್ಸೇ. ಕ್ರೀಮ್‌ನ ಜ್ಯಾಕ್ ಬ್ರೂಸ್, ಗೆಡ್ಡಿ ಲೀ, ಪಾಲ್ ಮೆಕಾರ್ಟ್ನಿ, ಎಲ್ಲರೂ ಬಾಯಲ್ಲಿ ಒಂದು ಲಯ, ಕೈಯಲ್ಲಿ ಇನ್ನೊಂದು ಲಯ ನಡೆಸಿದವರು. ಗೆಡ್ಡಿ ಲೀ ಅಂತೂ ಕಾಲಲ್ಲಿ ಪೆಡಲ್ ಸಿಂಥ್ (ಪಾದದಲ್ಲಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ಕೂಡ ಒತ್ತುತ್ತಿದ್ದರು.

ನನ್ನ ಓಟು ಯಾರಿಗೆ ಅಂತ ಕೇಳುವ ಹೊತ್ತಿಗೆ ಗೆಳೆಯನ ಮುಖ ಕೆಂಪಾಗಿರುತ್ತದೆ. ಮ್ಯೂಟ್ ಪರೀಕ್ಷೆಯಲ್ಲೂ ಎಂಟ್ವಿಸ್ಟಲ್ ಸೋಲುವುದಿಲ್ಲ, ಅದನ್ನು ಒಪ್ಪಬೇಕು. ದಿ ಹೂ ಹಾಡುಗಳಲ್ಲಿ ಕೀತ್ ಮೂನ್ ಡ್ರಮ್ ಎತ್ತೆತ್ತಲೋ ಉರುಳುತ್ತಿರುತ್ತದೆ, ಪೀಟ್ ಟೌನ್‌ಶೆಂಡ್ ಗಿಟಾರ್ ಬಡಿಯುತ್ತಿರುತ್ತದೆ, ನಡುವೆ ಬೇಸ್ ತೆಗೆದರೆ ಅವರಿಬ್ಬರೂ ಬೇರೆಬೇರೆ ಹಾಡು ನುಡಿಸುತ್ತಿದ್ದಾರೇನೋ ಅನ್ನಿಸುತ್ತದೆ. ಲೆಡ್ ಝೆಪಲಿನ್‌ನ ಜಾನ್ ಪಾಲ್ ಜೋನ್ಸ್ ಕೂಡ ಹಾಗೇ, 'ರ್‍ಯಾಂಬಲ್ ಆನ್' ಹಾಡಿನಲ್ಲಿ ಮೇಲೇರಿ ಹಾಡುವ ಆ ಬೇಸ್ ತೆಗೆದರೆ ಉಳಿಯುವುದು ಬರೀ ಗಿಟಾರ್ ಪರಪರ.

ಆದರೂ ನನ್ನ ಓಟು ಮೆಕಾರ್ಟ್ನಿಗೆ. ಅವರೂ ಗಿಟಾರಿನವರೇ. 1961ರಲ್ಲಿ ಸ್ಟುವರ್ಟ್ ಸಟ್‌ಕ್ಲಿಫ್ ಬೀಟಲ್ಸ್ ಬಿಟ್ಟಾಗ ಬೇಸ್ ಇವರ ಕೊರಳಿಗೆ ಬಿತ್ತು. ಹ್ಯಾಂಬರ್ಗ್‌ನಲ್ಲಿ ಪಿಟೀಲಿನ ಆಕಾರದ ಹಾಫ್ನರ್ ಕೊಂಡರು, ಎರಡೂ ಕಡೆ ಒಂದೇ ಆಕಾರ, ಎಡಗೈಯವರು ತಿರುಗಿಸಿ ಹಿಡಿದರೂ ಅಸಹ್ಯ ಕಾಣುವುದಿಲ್ಲ. ಆಗಿನ ರೆಕಾರ್ಡುಗಳಲ್ಲಿ ಬೇಸ್ ಮೆತ್ತಗಿರುವುದು ಅವರ ತಪ್ಪಲ್ಲ. ಬೇಸ್ ಜಾಸ್ತಿಯಾದಷ್ಟೂ ರೆಕಾರ್ಡಿನ ಗೀರು ಅಗಲಕ್ಕೆ ಓಲಾಡುತ್ತದೆ, ಮನೆಯ ಪ್ಲೇಯರಿನಲ್ಲಿ ಮುಳ್ಳು ಹಾರಿಬಿಡುತ್ತದೆ ಅಂತ ಸ್ಟುಡಿಯೋದವರಿಗೆ ಭಯ. 1966ರಲ್ಲಿ 'ಪೇಪರ್‌ಬ್ಯಾಕ್ ರೈಟರ್' ರೆಕಾರ್ಡ್ ಮಾಡುವಾಗ ಎಂಜಿನಿಯರ್ ಜೆಫ್ ಎಮೆರಿಕ್ ಒಂದು ಲೌಡ್‌ಸ್ಪೀಕರನ್ನೇ ಮೈಕಿನ ಹಾಗೆ ಬೇಸ್ ಆಂಪ್ಲಿಫೈಯರ್ ಎದುರು ಇಟ್ಟರು. ಸ್ಪೀಕರೂ ಮೈಕೂ ಒಂದೇ ಯಂತ್ರ, ತಿರುಗಿ ಕೆಲಸ ಮಾಡುತ್ತವೆ ಅಷ್ಟೇ. ಸ್ಪೀಕರಿನೊಳಗೆ ಅದುರುವ ಪರದೆ ದೊಡ್ಡದು, ಕೆಳಗಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ. ನಮ್ಮ ಕಸುಬಿನವರಿಗೆ ಇದು ಕೈ ಮುಗಿಯುವಂಥ ಕಿತಾಪತಿ.

1967ರ 'ಸಾರ್ಜೆಂಟ್ ಪೆಪರ್ಸ್' ಹೊತ್ತಿಗೆ ಮೆಕಾರ್ಟ್ನಿ ಹಲವು ಹಾಡುಗಳಿಗೆ ಎಲ್ಲ ಮುಗಿದ ಮೇಲೆ, ಕೊನೆಯಲ್ಲಿ ಬೇಸ್ ಸೇರಿಸತೊಡಗಿದರು. ಇದೇ ನನಗೆ ಮುಖ್ಯ. ಎಲ್ಲರೂ ಏನು ನುಡಿಸಿದ್ದಾರೆ, ಹಾಡುವವರು ಎಲ್ಲಿ ಉಸಿರು ಎಳೆಯುತ್ತಾರೆ, ಎಲ್ಲಿ ಖಾಲಿ ಇದೆ, ಎಲ್ಲ ಗೊತ್ತಿದ್ದು ಆಮೇಲೆ ಬಾಯಿ ಬಿಡುವುದು. ಕಾರ್ಡಿನ ಮೂಲ ಸ್ವರ ಬಿಟ್ಟು ಬೇರೆ ಸ್ವರದ ಮೇಲೆ ನಿಲ್ಲುವ ಚಾಳಿಯನ್ನು ಬೀಚ್ ಬಾಯ್ಸ್‌ನ ಬ್ರಯನ್ ವಿಲ್ಸನ್ ಅವರಿಂದ ಕಲಿತೆ, ಜೇಮರ್ಸನ್ ಅವರಿಂದಲೂ ಕಲಿತೆ ಅಂತ ಅವರೇ ಹೇಳಿಕೊಂಡಿದ್ದಾರೆ. 1969ರ 'ಸಮ್‌ಥಿಂಗ್' ಹಾಡು ಜಾರ್ಜ್ ಹ್ಯಾರಿಸನ್‌ರದ್ದು. ಅದರಲ್ಲಿ ಒಂದು ಸಾಲು ಮುಗಿದು ಇನ್ನೊಂದು ಶುರುವಾಗುವ ಸಂದಿಗಳಲ್ಲಿ ಬೇಸ್ ಏನೇನು ಮಾಡುತ್ತದೆ ಕೇಳಿ. ಸೋಲೋದಲ್ಲಿ ಕೇಳಿದರೆ ಯಾರೂ ಚಪ್ಪಾಳೆ ಹೊಡೆಯಲ್ಲ, ಇದೇನು ಸುತ್ತಾಡ್ತಾ ಇದೆ ಅನ್ನಿಸಬಹುದು. ಹಾಡಿನೊಳಗೆ ಅದು ಎರಡನೇ ಗಾಯಕ.

ಹಾಡಿನಿಂದ ವಾದ್ಯಗಳನ್ನು ಬೇರ್ಪಡಿಸುವ ಸಾಫ್ಟ್‌ವೇರ್ ಈಗ ಯಾರಿಗೆ ಬೇಕಾದರೂ ಸಿಗುತ್ತದೆ. ಗೆಳೆಯ ಅದರಲ್ಲೇ ತುಣುಕು ಮಾಡಿ ಕಳಿಸುತ್ತಿದ್ದದ್ದು. ಹೋದ ವಾರ ನಾನೂ ಅದೇ ಕೆಲಸ ಮಾಡಿದೆ, ತಿರುಗಾಮುರುಗಾ: 'ಸಮ್‌ಥಿಂಗ್' ಹಾಡಿನಿಂದ ಬೇಸ್ ಒಂದನ್ನು ತೆಗೆದು, ಉಳಿದದ್ದನ್ನು ಏನೂ ಬರೆಯದೆ ಅವನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಉತ್ತರ ಬಂತು. "ಫೈಲ್ ಕೆಟ್ಟಿದೆ ಅನ್ಸುತ್ತೆ ಗುರು, ಹಾಡು ಅರ್ಧಂಬರ್ಧ ಬಂದಿದೆ. ಇನ್ನೊಂದ್ಸಲ ಕಳಿಸು."