ಪೆಲೆಟ್ ಎಡಕ್ಕೆ ಬೀಳ್ತಿದೆ, ಸೈಟ್ ಎತ್ತ ತಿರುಗಿಸೋದು?

ಪ್ರಶ್ನೆ: ನಾಲ್ಕು ತಿಂಗಳಿಂದ ಕ್ಲಬ್ಬಿನಲ್ಲಿ 10 ಮೀಟರ್ ಏರ್ ರೈಫಲ್ ಕಲಿಯುತ್ತಿದ್ದೇನೆ. ಸರಿಯಾಗಿ ನಡುವಿಗೇ ಗುರಿ ಇಟ್ಟರೂ ಎಲ್ಲ ಪೆಲೆಟ್‌ಗಳೂ ಎಡಕ್ಕೆ, ಸ್ವಲ್ಪ ಕೆಳಕ್ಕೆ ಬೀಳುತ್ತಿವೆ. ಒಬ್ಬರು ಸೈಟ್ ಎಡಕ್ಕೆ ಸರಿಸು ಅಂತಾರೆ, ಇನ್ನೊಬ್ಬರು ಬಲಕ್ಕೆ ಅಂತಾರೆ. ಯಾರ ಮಾತು ಕೇಳಲಿ?

ಇಬ್ಬರೂ ಸರಿ ಇರಬಹುದು ಮಾರಾಯ್ರೆ. ಗುರಿ ನೋಡಲು ರೈಫಲ್ ಮೇಲೆ ಎರಡು ಸೈಟ್ ಇರುತ್ತವೆ, ಹಿಂದೆ ಸಣ್ಣ ತೂತಿನದು, ಮುಂದೆ ಉಂಗುರದ್ದು. ಒಬ್ಬರು ಮುಂದಿನ ಸೈಟ್ ಬಗ್ಗೆ ಹೇಳುತ್ತಿದ್ದಾರೆ, ಇನ್ನೊಬ್ಬರು ಹಿಂದಿನದರ ಬಗ್ಗೆ. ಹಿಂದಿನ ಸೈಟ್, ಅಂದರೆ ಕಣ್ಣಿಗೆ ಹತ್ತಿರ ಇರುವುದು, ಪೆಲೆಟ್ ಎತ್ತ ಹೋಗಬೇಕೋ ಅತ್ತಲೇ ಸರಿಯಬೇಕು. ಮುಂದಿನದಾದರೆ ಅದರ ತದ್ವಿರುದ್ಧ. ಸುಮ್ನೆ ಬಾಯಿಪಾಠ ಮಾಡಬೇಡಿ, ಒಮ್ಮೆ ಯೋಚಿಸಿ ನೋಡಿ: ಹಿಂದಿನ ತೂತನ್ನು ಬಲಕ್ಕೆ ಸರಿಸಿದಿರಿ ಅಂತಿಟ್ಟುಕೊಳ್ಳಿ. ಈಗ ಕಣ್ಣು, ಹಿಂದಿನ ತೂತು, ಮುಂದಿನ ಉಂಗುರ, ಟಾರ್ಗೆಟ್ಟಿನ ನಡುವಿನ ಕಪ್ಪು ವೃತ್ತ ಎಲ್ಲ ಮತ್ತೆ ಒಂದೇ ಗೆರೆಗೆ ಬರಬೇಕಾದರೆ ನೀವು ನಳಿಗೆಯ ಮೂತಿಯನ್ನೇ ಬಲಕ್ಕೆ ತಿರುಗಿಸಬೇಕಾಗುತ್ತದೆ. ಪೆಲೆಟ್ ಬಲಕ್ಕೆ ಹೋಗುವುದು ಹಾಗೆ. ನಿಮ್ಮ ರೈಫಲ್‌ನಲ್ಲಿ ತಿರುಗಿಸುವ ಸ್ಕ್ರೂ ಇರುವುದು ಹಿಂದಿನ ಸೈಟ್‌ನಲ್ಲಿ, ಹಾಗಾಗಿ ಅದನ್ನು ಬಲಕ್ಕೆ ಮತ್ತು ಮೇಲಕ್ಕೆ ಸರಿಸಿ.

ಎಷ್ಟು ಸರಿಸಬೇಕು ಅನ್ನುವುದರಲ್ಲೇ ಜನ ಎಡವುವುದು. ಎರಡು ಸೈಟ್‌ಗಳ ನಡುವೆ 80 ಸೆಂ.ಮೀ. ಇದೆ ಅಂದುಕೊಳ್ಳಿ. ಟಾರ್ಗೆಟ್ ಇರುವುದು 10 ಮೀಟರ್ ದೂರದಲ್ಲಿ, ಅಂದರೆ ಅದರ ಹನ್ನೆರಡೂವರೆ ಪಟ್ಟು. ಹಿಂದಿನ ಸೈಟ್ 1 ಮಿ.ಮೀ. ಸರಿದರೆ ಪೆಲೆಟ್ 12.5 ಮಿ.ಮೀ. ಸರಿಯುತ್ತದೆ. ಏರ್ ರೈಫಲ್ ಟಾರ್ಗೆಟ್‌ನಲ್ಲಿ ಒಂದು ರಿಂಗಿನಿಂದ ಮುಂದಿನದಕ್ಕೆ ಇರುವ ದೂರ 2.5 ಮಿ.ಮೀ., ನಡುವಿನ ಹತ್ತು ಅಂಕದ ರಿಂಗಂತೂ ಬರೀ ಅರ್ಧ ಮಿ.ಮೀ. ಚುಕ್ಕೆ. ಅಂದರೆ ಒಂದೇ ಒಂದು ಮಿ.ಮೀ. ಸರಿಸಿದರೆ ಐದು ರಿಂಗ್ ದಾಟಿತು! ಸ್ಕ್ರೂ ಅಷ್ಟು ಸಣ್ಣ ಸಣ್ಣ ಕ್ಲಿಕ್‌ಗಳಲ್ಲಿ ತಿರುಗುವುದು ಇದಕ್ಕೇ.

ಆದರೆ ಸ್ಕ್ರೂ ಮುಟ್ಟುವ ಮುಂಚೆ ಐದು ಶಾಟ್ ಹೊಡೆಯಿರಿ, ಒಂದೂ ತಿದ್ದದೆ. ನಾನು ಕಲಿಯುವಾಗ ಒಂದು ಶಾಟ್ ಎಡಕ್ಕೆ ಹೋದರೆ ಎರಡು ಕ್ಲಿಕ್ ಬಲಕ್ಕೆ, ಮುಂದಿನದು ಬಲಕ್ಕೆ ಹೋದರೆ ಮತ್ತೆ ಎಡಕ್ಕೆ, ಹೀಗೆ ನಾಯಿ ತನ್ನ ಬಾಲ ಹಿಡಿಯಲು ಸುತ್ತಿದ ಹಾಗೆ ಅರ್ಧ ಡಬ್ಬಿ ಪೆಲೆಟ್ ಖಾಲಿ ಮಾಡಿದ್ದೆ. ಸೈಟ್ ಮೊದಲಿನಿಂದಲೂ ಸರಿಯಾಗೇ ಇತ್ತು, ಅಲುಗುತ್ತಿದ್ದದ್ದು ನಾನು. ಐದೂ ಒಂದೇ ಕಡೆ ಒತ್ತೊತ್ತಾಗಿ ಬಿದ್ದಿದ್ದರೆ, ಅಂದರೆ ಗ್ರೂಪ್ ಆಗಿದ್ದರೆ, ಆ ಗ್ರೂಪಿನ ನಡುವಿನಿಂದ ಟಾರ್ಗೆಟ್ಟಿನ ನಡುವಿಗೆ ಎಷ್ಟು ದೂರ ಅಂತ ನೋಡಿ ಅಷ್ಟು ಕ್ಲಿಕ್ ಕೊಡಿ, ಮತ್ತೆ ಐದು ಹೊಡೆದು ನೋಡಿ. ಚೆಲ್ಲಾಪಿಲ್ಲಿ ಬಿದ್ದಿದ್ದರೆ ಸೈಟ್ ತಿದ್ದಿ ಏನೂ ಪ್ರಯೋಜನ ಇಲ್ಲ. ಮೊದಲು ಸೈಟ್ ಕೂರಿಸಿದ ಸ್ಕ್ರೂ ಸಡಿಲ ಆಗಿದೆಯಾ ನೋಡಿ, ಆಮೇಲೆ ನಿಮ್ಮನ್ನು ನೀವು ನೋಡಿಕೊಳ್ಳಿ.

ಕೆನ್ನೆ ಪ್ರತಿ ಸಲ ಸ್ಟಾಕಿನ, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಹಿಂಭಾಗದ, ಅದೇ ಜಾಗಕ್ಕೆ ತಾಗುತ್ತಿದೆಯಾ? ರೈಫಲ್ ಒಂದು ಕಡೆಗೆ ವಾಲುತ್ತಿದೆಯಾ? ಕಣ್ಣು ಎಲ್ಲಿದೆ? ಕಣ್ಣಿಗೆ ಒಂದು ಹೊತ್ತಿಗೆ ಒಂದೇ ದೂರ ಸ್ಪಷ್ಟವಾಗಿ ಕಾಣುವುದು, ಅದು ಮುಂದಿನ ಉಂಗುರವೇ ಆಗಿರಬೇಕು, ಕಪ್ಪು ಸ್ವಲ್ಪ ಮಸುಕಾದರೆ ಆಗಲಿ. ಹೊಸಬರು ಟಾರ್ಗೆಟ್ಟನ್ನೇ ದಿಟ್ಟಿಸುತ್ತಾರೆ, ಪಾಪ, ಅದೇ ಸಹಜ ಅಲ್ವಾ? ಒಬ್ಬೊಬ್ಬರ ಕಣ್ಣು, ಕೆನ್ನೆ, ಹಿಡಿತ ಬೇರೆ ಬೇರೆ, ಹಾಗಾಗಿ ಒಬ್ಬರ ಜೀರೋ, ಅಂದರೆ ಗುರಿ ಇಟ್ಟಲ್ಲೇ ಪೆಲೆಟ್ ಬೀಳುವಂತೆ ಸೈಟ್ ಹೊಂದಿಸಿದ ಜಾಗ, ಇನ್ನೊಬ್ಬರಿಗೆ ಹೊಂದುವುದಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ತೆಂಗಿನಕಾಯಿಗೆ ಗುರಿ ಇಡುವಾಗಲೂ ಅಷ್ಟೇ, ಇನ್ನೊಬ್ಬರ ಕೋವಿ ಇಸಕೊಂಡು ಹೊಡೆಯುವವರಿಗೆ ಕಷ್ಟ ಜಾಸ್ತಿ.

ಇನ್ನೊಂದು ಗೋಜಲು ಇದೆ. ಸ್ಕ್ರೂ ಮೇಲಿನ ಬಾಣ, ಅಕ್ಷರಗಳನ್ನು ಕಣ್ಣು ಮುಚ್ಚಿ ನಂಬಬೇಡಿ. ಕೆಲವು ಸೈಟ್‌ಗಳಲ್ಲಿ ಬಾಣದ ಅರ್ಥ "ಇತ್ತ ತಿರುಗಿಸಿದರೆ ಶಾಟ್ ಮೇಲಕ್ಕೆ ಹೋಗುತ್ತದೆ" ಅಂತ, ಇನ್ನು ಕೆಲವಲ್ಲಿ "ಶಾಟ್ ಮೇಲೆ ಹೋಗಿದ್ದರೆ ಇತ್ತ ತಿರುಗಿಸು" ಅಂತ. ಪೂರಾ ಉಲ್ಟಾ! ಹತ್ತು ಕ್ಲಿಕ್ ತಿರುಗಿಸಿ, ಹೊಡೆದು, ಗ್ರೂಪ್ ಎತ್ತ ಹೋಯಿತು, ಎಷ್ಟು ಹೋಯಿತು ಅಂತ ನೋಡಿಬಿಡಿ. ನಿಮ್ಮ ಸೈಟ್‌ನ ಒಂದು ಕ್ಲಿಕ್ ಅಂದರೆ ಎಷ್ಟು ಅಂತಲೂ ಅದರಲ್ಲೇ ಗೊತ್ತಾಗುತ್ತದೆ. ಸೈಟ್ ಮುಟ್ಟುವಾಗೆಲ್ಲ ರೈಫಲ್ ಖಾಲಿ ಇರಲಿ, ಮೂತಿ ಟಾರ್ಗೆಟ್ ಕಡೆಗೇ ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ನಿನ್ನೆಯ ಜೀರೋ ಇವತ್ತಿಗೆ ಇರುತ್ತದೆ ಅಂತ ಭರವಸೆ ಇಲ್ಲ. ಪಂದ್ಯದಲ್ಲಿ ಲೆಕ್ಕಕ್ಕಿಲ್ಲದ ಸೈಟಿಂಗ್ ಶಾಟ್‌ಗಳಿಗೆ ಮೊದಲೇ ಸಮಯ ಕೊಡುವುದು ಅದಕ್ಕೇ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ, ಫೈನಲ್‌ಗೆ ಮುಂಚೆ ತಮ್ಮ ಸೈಟ್ ತಪ್ಪಿಹೋಗಿದ್ದನ್ನು ಕಂಡು ಸೈಟಿಂಗ್ ಶಾಟ್‌ಗಳಲ್ಲೇ ಸರಿಮಾಡಿಕೊಂಡೆ ಎಂದು ಆಮೇಲೆ ಹೇಳಿಕೊಂಡಿದ್ದಾರೆ.

ನಿಮ್ಮದು ಕ್ಲಬ್ಬಿನ ರೈಫಲ್ ಆಗಿದ್ದರೆ ಇನ್ನೊಂದು ಕೆಲಸ ಮಾಡಿ. ಸ್ಕ್ರೂವನ್ನು ಮೆಲ್ಲಗೆ ಒಂದು ತುದಿವರೆಗೆ ತಿರುಗಿಸಿ, ಅಲ್ಲಿಂದ ನಿಮ್ಮ ಜೀರೋಗೆ ಎಷ್ಟು ಕ್ಲಿಕ್ ಅಂತ ಎಣಿಸಿ ಪುಸ್ತಕದಲ್ಲಿ ಬರೆದಿಡಿ. ನೀವು ಟೀ ಕುಡಿದು ಬರುವಷ್ಟರಲ್ಲಿ ಯಾರೋ ಒಬ್ಬರು ಅದನ್ನು ತಿರುಗಿಸಿರುತ್ತಾರೆ.