ಲಾಸ್ ಇಳಿಯುತ್ತಿದೆ ಅಂದಮಾತ್ರಕ್ಕೆ ಕೋಡ್ ಸರಿಯೇ?

ಮಾಮೂಲಿ ಪ್ರೋಗ್ರಾಮಿನಲ್ಲಿ ತಪ್ಪಿದ್ದರೆ ಸಾಮಾನ್ಯವಾಗಿ ಎಲ್ಲಾದರೊಂದು ಕಡೆ ಎರರ್ ಬಂದು ನಿಲ್ಲುತ್ತದೆ. ಮಷೀನ್ ಲರ್ನಿಂಗ್ ಕೋಡಿಗೆ ಅಷ್ಟು ಸಂಕೋಚವಿಲ್ಲ. ರಾತ್ರಿಯಿಡೀ ಓಡಿ ಬೆಳಗ್ಗೆ ಒಂದು ಮಾಡೆಲ್ ಕೈಗಿಡುತ್ತದೆ, ಕೆಲಸಕ್ಕೆ ಬಾರದ್ದು.

ಪೈಟಾರ್ಚ್ ಎಂಬ ಪೈಥಾನ್ ಲೈಬ್ರರಿಯಲ್ಲಿ ಮನೆಬೆಲೆ ಅಂದಾಜಿಸುವ ಮಾಡೆಲ್ ಬರೆದಿದ್ದೀರಿ ಅನ್ನಿ. ಬ್ಯಾಚಿಗೆ, ಅಂದರೆ ಒಮ್ಮೆಗೆ ಕೊಡುವ ಕಂತಿಗೆ, 32 ಮನೆ. ಔಟ್‌ಪುಟ್‌ನ ಶೇಪ್ (ಎಷ್ಟು ಸಾಲು, ಎಷ್ಟು ಕಾಲಂ ಎಂಬುದು) (32, 1), ಲೇಬಲ್‌ನದು, ಅಂದರೆ ನಿಜವಾದ ಬೆಲೆಗಳದು, ಬರೀ (32,). ಒಂದರಿಂದ ಇನ್ನೊಂದನ್ನು ಕಳೆದರೆ 32 ವ್ಯತ್ಯಾಸ ಸಿಗಬೇಕು ತಾನೇ? ಶೇಪ್ ಹೊಂದದಿದ್ದರೆ ತಾನೇ ಹಿಗ್ಗಿಸಿ ಹೊಂದಿಸುವ ಬ್ರಾಡ್‌ಕಾಸ್ಟಿಂಗ್ ದಯೆಯಿಂದ ಸಿಗುವುದು 32×32, ಅಂದರೆ 1024. ಪ್ರತಿ ಮನೆಯ ಅಂದಾಜನ್ನೂ ಬ್ಯಾಚಿನಲ್ಲಿರುವ ಎಲ್ಲ ಮನೆಗಳ ಬೆಲೆಗೂ ಹೋಲಿಸಿದಂತಾಯಿತು. ವರ್ಗ ಮಾಡಿ ಸರಾಸರಿ ತೆಗೆದರೆ ಉಳಿಯುವುದು ಒಂದೇ ಸಂಖ್ಯೆ: ಲಾಸ್, ಅಂದರೆ ಮಾಡೆಲ್ ಎಷ್ಟು ತಪ್ಪಿದೆ ಎಂಬ ಅಳತೆ. ಒಳಗೇನಾಯಿತು ಎಂಬ ಸುಳಿವೇ ಇಲ್ಲ. ಎಲ್ಲ ಮನೆಗೂ ಸರಾಸರಿ ಬೆಲೆ ಹೇಳಿಬಿಡುವುದೇ ಲಾಭವೆಂದು ಮಾಡೆಲ್ ಕಲಿಯುತ್ತದೆ. ಲಾಸ್ ಸ್ವಲ್ಪ ಇಳಿದು ನಿಂತುಬಿಡುತ್ತದೆ. ಆಮೇಲೆ ಶುರು: ಲರ್ನಿಂಗ್ ರೇಟ್ ಬದಲಿಸು, ಇನ್ನೆರಡು ಲೇಯರ್ ಹಾಕು, ಡೇಟಾ ಸಾಲದು.

ಷರತ್ತು ಸುಳ್ಳಾದರೆ ಎರರ್ ಕೊಟ್ಟು ನಿಲ್ಲಿಸುವ ಆಜ್ಞೆ ಅಸರ್ಟ್. ಲಾಸ್ ಲೆಕ್ಕಕ್ಕೆ ಮುಂಚೆ ಅದರ ಈ ಒಂದು ಸಾಲಿದ್ದರೆ ತಪ್ಪು ಮೊದಲ ಬ್ಯಾಚಿನಲ್ಲೇ ಸಿಕ್ಕಿಬೀಳುತ್ತಿತ್ತು (ಪ್ರೆಡ್ ಅಂದರೆ ಔಟ್‌ಪುಟ್, ವೈ ಅಂದರೆ ಲೇಬಲ್):

ಅಸರ್ಟ್ ಪ್ರೆಡ್.ಶೇಪ್ == ವೈ.ಶೇಪ್, (ಪ್ರೆಡ್.ಶೇಪ್, ವೈ.ಶೇಪ್)

ಅಲ್ಪವಿರಾಮದ ನಂತರದ ಭಾಗ ಬಿಡಬೇಡಿ. ಯಾವ ಶೇಪ್ ಬಂತೆಂದು ಎರರ್ ಜೊತೆಗೇ ಗೊತ್ತಾಗುತ್ತದೆ. ಹಾಗಂತ ಅಸರ್ಟ್ ನಂತರದ ಇಡೀ ಭಾಗಕ್ಕೆ ಆವರಣ ಹಾಕಿದಿರೋ, ಅದು ಟ್ಯೂಪಲ್ (ಮೌಲ್ಯಗಳ ಒಂದು ಗುಂಪು) ಆಗಿ ಯಾವತ್ತೂ ನಿಜವೆನಿಸಿಕೊಳ್ಳುತ್ತದೆ, ತಪ್ಪು ಸಿಗುವುದೇ ಇಲ್ಲ.

ಶೇಪ್ ಆಯಿತು, ಇನ್ನು ಮೌಲ್ಯ. ಚಿತ್ರಗಳನ್ನು ವಿಂಗಡಿಸುವ ಮಾಡೆಲಿಗೆ ಹತ್ತು ಕ್ಲಾಸ್ (ವರ್ಗ) ಇದ್ದು ಅವುಗಳಲ್ಲಿ ಡೇಟಾ ಸಮನಾಗಿ ಹಂಚಿದ್ದರೆ, ಏನೂ ಕಲಿಯದ ಮಾಡೆಲಿನ ಕ್ರಾಸ್ ಎಂಟ್ರೊಪಿ (ವಿಂಗಡಣೆಗೆ ಬಳಸುವ ಲಾಸ್) ಹತ್ತರ ಸಹಜ ಲಾಗರಿದಮ್, ಅಂದರೆ 2.3ರ ಆಸುಪಾಸು ಇರಬೇಕು. ಮೊದಲ ಹೆಜ್ಜೆಯಲ್ಲೇ 40 ಬಂದರೆ ಚಿತ್ರದ ಪಿಕ್ಸೆಲ್‌ಗಳು 0–255ರಲ್ಲೇ ಉಳಿದಿವೆಯೇ ನೋಡಿ. ಕೆಲವೇ ಹೆಜ್ಜೆಗಳಲ್ಲಿ 0.1ಕ್ಕೆ ಇಳಿದುಬಿಟ್ಟರೆ ಖುಷಿಪಡಬೇಡಿ. ಉತ್ತರ ಇನ್‌ಪುಟ್‌ಗೆ ಸೋರಿರಬಹುದು. ಟೇಬಲ್‌ಗಳನ್ನು ನಿಭಾಯಿಸುವ ಪಾಂಡಾಸ್ ಲೈಬ್ರರಿಯಲ್ಲಿ ಎರಡು ಟೇಬಲ್ ಮರ್ಜ್ ಮಾಡಿದ ಮೇಲೆ ಸಾಲುಗಳ ಸಂಖ್ಯೆ ಸರಿಯಿದೆ, ಟ್ರೇನ್ ಮತ್ತು ಟೆಸ್ಟ್ ಐಡಿಗಳಲ್ಲಿ ಒಂದೂ ಸಮಾನವಿಲ್ಲ ಎಂಬುದು: ಇವಕ್ಕೂ ಒಂದೊಂದು ಅಸರ್ಟ್ ಸಾಕು.

ಬಳಕೆದಾರರು ಕಳಿಸುವ ಡೇಟಾ ಪರೀಕ್ಷಿಸಲು ಮಾತ್ರ ಅಸರ್ಟನ್ನು ನಂಬಬೇಡಿ. ಪೈಥಾನನ್ನು -O ಆಯ್ಕೆಯೊಂದಿಗೆ ಓಡಿಸಿದರೆ ಅಸರ್ಟ್‌ಗಳೆಲ್ಲ ಮಾಯ. ಅಲ್ಲಿ ವ್ಯಾಲ್ಯೂಎರರ್ ಎಸೆಯುವುದೇ ಸರಿ. ಇನ್ನು ವೇಗದ ಚಿಂತೆ. ಶೇಪ್ ನೋಡಲು ಖರ್ಚು ಇಲ್ಲವೆನ್ನುವಷ್ಟೇ. ಆದರೆ ಲಾಸ್ ನ್ಯಾನ್ (ಸಂಖ್ಯೆಯೇ ಅಲ್ಲದ ಮೌಲ್ಯ) ಆಗಿದೆಯೇ ಎಂದು ಕೇಳಿದರೆ ಜಿಪಿಯು ಕೆಲಸ ಮುಗಿಯುವ ತನಕ ಸಿಪಿಯು ಕಾಯಬೇಕು, ಹಾಗಾಗಿ ಅದನ್ನು ನೂರು ಹೆಜ್ಜೆಗೊಮ್ಮೆ ಇಟ್ಟುಕೊಳ್ಳಿ.